ಚರ್ಚಿಲ್ಲರೂ ರಾಜ್ಯದ ಕಾಗದಪತ್ರಗಳೂ

ಬೆಂಗಳೂರಿನ ಕ್ಲಬ್ಬೊಂದರ ಹಳೆಯ ಲೆಕ್ಕದ ಪುಸ್ತಕದಲ್ಲಿ, ವಸೂಲಾಗದ ಬಾಕಿಯ ಪಟ್ಟಿಯೊಳಗೆ, ಲೆಫ್ಟಿನೆಂಟ್ ಚರ್ಚಿಲ್ ಎಂಬ ಹೆಸರಿನ ಮುಂದೆ 13 ರೂಪಾಯಿ ಎಂದು ಬರೆದಿದೆ. ಮುಂದೆ ಇಂಗ್ಲೆಂಡಿನ ಪ್ರಧಾನಮಂತ್ರಿಯಾದ ವಿನ್‌ಸ್ಟನ್ ಚರ್ಚಿಲ್ಲರೇ ಇವರು. ಈ ಪುಸ್ತಕ ಅವರ ಕೈಯಲ್ಲಿರಲಿಲ್ಲ, ಆದುದರಿಂದ ಉಳಿಯಿತು. ಅವರ ಕೈಯಲ್ಲಿದ್ದ ಪುಸ್ತಕಗಳ ಕಥೆಯೇ ಬೇರೆ.

ಚರ್ಚಿಲ್ ಹುಟ್ಟಿದ್ದು 1874ರ ನವೆಂಬರ್ 30ರಂದು, ಬ್ಲೆನಿಮ್ ಅರಮನೆಯಲ್ಲಿ. 1896ರಲ್ಲಿ ಕುದುರೆ ಸೈನ್ಯದೊಡನೆ ಬೆಂಗಳೂರು ದಂಡಿಗೆ ಬಂದರು. ವಿಶ್ವವಿದ್ಯಾನಿಲಯದ ಮೆಟ್ಟಿಲು ಹತ್ತದ ಈ ತರುಣ, ತಾಯಿ ಕಳುಹಿಸಿಕೊಟ್ಟ ಗಿಬ್ಬನ್, ಮೆಕಾಲೆಯವರ ಇತಿಹಾಸ ಗ್ರಂಥಗಳನ್ನು ಬೆಂಗಳೂರಿನ ಮಧ್ಯಾಹ್ನಗಳಲ್ಲಿ ಓದಿ ಮುಗಿಸಿದರು. ಇತಿಹಾಸವನ್ನು ಬರೆದವನ ಮಾತೇ ನಿಲ್ಲುವುದೆಂಬ ಅರಿವು ಅವರಿಗೆ ಆಗಲೇ ಬಂದಿರಬೇಕೆಂದು ನನ್ನ ಊಹೆ.

1911ರಲ್ಲಿ ಅವರು ನೌಕಾಖಾತೆಯ ಮಂತ್ರಿಯಾದರು. 1915ರಲ್ಲಿ ಡಾರ್ಡನೆಲ್ಸ್ ದಂಡಯಾತ್ರೆ ಕೆಟ್ಟು ಸಾವಿರಾರು ಸೈನಿಕರು ಮಡಿದರು. ಅಪಕೀರ್ತಿ ಚರ್ಚಿಲ್ಲರ ತಲೆಗೆ ಬಂದು, ಆ ಪದವಿ ಹೋಯಿತು. ಆದರೆ ಖಾತೆಯ ತಂತಿಗಳೂ ಟಿಪ್ಪಣಿಗಳೂ ಅವರ ಬಳಿಯಲ್ಲಿಯೇ ಇದ್ದುವು. 1923ರಿಂದ ಹೊರಬರತೊಡಗಿದ ಮೊದಲ ಮಹಾಯುದ್ಧದ ಗ್ರಂಥದಲ್ಲಿ ಅವುಗಳನ್ನು ಧಾರಾಳವಾಗಿ ಬಳಸಿ, ತಪ್ಪು ತನ್ನೊಬ್ಬನದಲ್ಲವೆಂದು ವಾದಿಸಿದರು. ಗೋಪ್ಯದ ಪ್ರಮಾಣ ಮಾಡಿದ ಮಂತ್ರಿ ಹೀಗೆ ಮಾಡಬಹುದೆ ಎಂದು ಪ್ರಶ್ನೆ ಎದ್ದಿತು. ಬೇರೆಯವರೂ ಪ್ರಕಟಿಸಿದ್ದಾರೆ, ನಿಂದೆಗೆ ಗುರಿಯಾದವನು ಮಾತ್ರ ಸುಮ್ಮನಿರಬೇಕೆ ಎಂಬುದು ಅವರ ಸಮರ್ಥನೆ. ಇದರಲ್ಲಿ ನ್ಯಾಯವಿಲ್ಲವೆಂದು ಹೇಳಲಾರೆ.

1934ರಲ್ಲಿ ಇನ್ನೊಂದು ಪ್ರಸಂಗ ನಡೆಯಿತು. ಕಾರ್ಮಿಕ ಪಕ್ಷದ ನಾಯಕ ಜಾರ್ಜ್ ಲ್ಯಾನ್ಸ್‌ಬರಿಯವರ ಮಗ ಎಡ್ಗರ್, ತಂದೆಯ ಜೀವನಚರಿತ್ರೆಯಲ್ಲಿ ಮಂತ್ರಿಮಂಡಲದ ಪತ್ರಗಳನ್ನು ಸೇರಿಸಿದರು. ರಾಜ್ಯರಹಸ್ಯ ಕಾಯಿದೆಯಂತೆ ನ್ಯಾಯಾಲಯ ಅವರಿಗೆ ದಂಡ ವಿಧಿಸಿತು. ಬಳಿಕ, ಮಾಜಿ ಮಂತ್ರಿಗಳೆಲ್ಲ ಮಂತ್ರಿಮಂಡಲದ ಕಾಗದಗಳನ್ನು ಹಿಂದಿರುಗಿಸಬೇಕೆಂದು ಸರ್ಕಾರ ಕೇಳಿತು. ಬಹುಮಂದಿ ಒಪ್ಪಿದರು. ಲಾಯ್ಡ್ ಜಾರ್ಜರೂ ಚರ್ಚಿಲ್ಲರೂ ಕೊಡಲಿಲ್ಲ; ಅವರನ್ನು ನ್ಯಾಯಾಲಯಕ್ಕೆ ಎಳೆದವರೂ ಇಲ್ಲ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಪ್ರಧಾನಿಯಾಗಿದ್ದ ಚರ್ಚಿಲ್, ತಮ್ಮ ಆಜ್ಞೆಗಳನ್ನೂ ತಂತಿಗಳನ್ನೂ ತಿಂಗಳು ತಿಂಗಳಿಗೆ ಅಚ್ಚುಹಾಕಿಸಿ ಇಡುತ್ತಿದ್ದರು. 1945ರಲ್ಲಿ ಅಧಿಕಾರ ಬಿಡುವ ಮುನ್ನ, ಮಂತ್ರಿಗಳು ತಾವೇ ಬರೆದ ಪತ್ರಗಳ ಪ್ರತಿಗಳನ್ನು ಒಯ್ಯಬಹುದೆಂಬ ನಿಯಮವೂ ಆಯಿತು. ಚುನಾವಣೆಯಲ್ಲಿ ಸೋತ ಚರ್ಚಿಲ್ಲರ ಮನೆಗೆ ಆ ಭಂಡಾರವೆಲ್ಲ ಬಂದಿತು. ಆದಾಯ ತೆರಿಗೆಯ ಹೊರೆ ತಪ್ಪಿಸಲು ಅದನ್ನು ಕುಟುಂಬದ ಒಂದು ಟ್ರಸ್ಟಿಗೆ ವಹಿಸಿದರು. ಪತ್ರಿಕೆಗಳೂ ಪ್ರಕಾಶಕರೂ ಅಪಾರ ಹಣ ಕೊಟ್ಟರು. ಎದುರು ಪಕ್ಷದ ಆಟ್ಲೀ ಸರ್ಕಾರ ಇದಕ್ಕೆ ಅಡ್ಡಿ ಮಾಡದಿರುವುದೇ ವಿಚಿತ್ರ! ಅಮೆರಿಕದವರು ಆಗಲೇ ಯುದ್ಧದ ಕಥೆಯನ್ನು ತಮ್ಮ ರೀತಿಯಲ್ಲಿ ಹೇಳತೊಡಗಿದ್ದರು. ಬ್ರಿಟನ್ನಿನ ಪಕ್ಷವೂ ಲೋಕಕ್ಕೆ ತಿಳಿಯಬೇಕಾಗಿತ್ತು. ಮಂತ್ರಿಮಂಡಲದ ಕಾರ್ಯದರ್ಶಿ ನಾರ್ಮನ್ ಬ್ರೂಕ್ ಹಸ್ತಪ್ರತಿಯನ್ನು ಓದಿ ತಿದ್ದಿದರು. ಜರ್ಮನರ ಗೂಢಲಿಪಿಯನ್ನು ಭೇದಿಸಿದ ರಹಸ್ಯ ಮಾತ್ರ ಹೊರಬೀಳಲಿಲ್ಲ. ಅದು ಜನರಿಗೆ ತಿಳಿದುದು 1974ರಲ್ಲಿ. ಆರು ಸಂಪುಟಗಳು 1948ರಿಂದ 1954ರೊಳಗೆ ಪ್ರಕಟವಾದುವು. 1953ರಲ್ಲಿ ಅವರಿಗೆ ಸಾಹಿತ್ಯದ ನೊಬೆಲ್ ಬಹುಮಾನವೂ ಬಂದಿತು.

ಇಲ್ಲಿ ಒಂದು ಮಾತು ಹೇಳದೆ ಇರಲಾರೆ. 1943ರಲ್ಲಿ ಬಂಗಾಳದ ಕ್ಷಾಮದಲ್ಲಿ ಸುಮಾರು 30 ಲಕ್ಷ ಜನ ಸತ್ತರು. ಆ ಆರು ದಪ್ಪ ಸಂಪುಟಗಳ ಕಥನದಲ್ಲಿ ಅವರಿಗೆ ಜಾಗವಿಲ್ಲವೆಂದೇ ಹೇಳಬೇಕು. ಆಗ ಬೇರೆ ಚರಿತ್ರಕಾರರು ಮೂಲ ಪತ್ರಗಳನ್ನು ನೋಡುವಂತೆಯೂ ಇರಲಿಲ್ಲ; ಯುದ್ಧಕಾಲದ ದಾಖಲೆಗಳು ಎಲ್ಲರಿಗೂ ತೆರೆದುದು 1972ರಲ್ಲಿ. ಓದು ಬಾರದ ನನ್ನ ತಂದೆ ಪಹಣಿ ಪತ್ರವನ್ನು ತಗಡಿನ ಪೆಟ್ಟಿಗೆಯಲ್ಲಿಟ್ಟು ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡಿರುವುದೇಕೆಂದು, ಇದನ್ನು ಓದಿದಾಗ ನನಗೆ ಚೆನ್ನಾಗಿ ಅರ್ಥವಾಯಿತು.

1965ರ ಜನವರಿ 24ರಂದು ಚರ್ಚಿಲ್ ತೀರಿಕೊಂಡರು. 1995ರಲ್ಲಿ ಅವರ ಪತ್ರಸಂಗ್ರಹವನ್ನು ಲಾಟರಿಯ ನಿಧಿಯಿಂದ 1 ಕೋಟಿ 25 ಲಕ್ಷ ಪೌಂಡ್ ಕೊಟ್ಟು ಕುಟುಂಬದಿಂದ ಕೊಂಡು, ಕೇಂಬ್ರಿಡ್ಜಿನಲ್ಲಿ ಅವರ ಹೆಸರಿನ ಕಾಲೇಜಿನಲ್ಲಿ ಉಳಿಸಿದರು. ಸರ್ಕಾರದ ಕೆಲಸದಲ್ಲಿ ಬರೆದ ಕಾಗದಕ್ಕೆ ಪ್ರಜೆಗಳೇಕೆ ಬೆಲೆ ಕೊಡಬೇಕೆಂದು ಆಗ ಇಂಗ್ಲೆಂಡಿನಲ್ಲಿ ಬಹಳ ಮಂದಿ ಕೇಳಿದರು.