ಸರಾಸರಿಯ ಆಚೆ ನೋಡಿದ ಮಹಲನೋಬಿಸ್

ಗೆಳೆಯರೇ, ಸರಾಸರಿ ಬಂದ ಕೂಡಲೇ ನಾವು ಉತ್ತರದ ಕೆಳಗೆ ಎರಡು ಗೆರೆ ಎಳೆದು ಪುಸ್ತಕ ಮುಚ್ತೀವಿ. ಲೆಕ್ಕ ಅಲ್ಲಿಗೆ ಮುಗಿಯೋದಿಲ್ಲ ಎಂದು ತೋರಿಸಿದವರಲ್ಲಿ ಪ್ರಶಾಂತ ಚಂದ್ರ ಮಹಲನೋಬಿಸ್ ಒಬ್ಬರು.

ಇವರು 1893ರ ಜೂನ್ 29ರಂದು ಕಲ್ಕತ್ತದಲ್ಲಿ ಜನಿಸಿದರು. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿ 1913ರಲ್ಲಿ ಇಂಗ್ಲೆಂಡಿಗೆ ಹೋದರು. ಲಂಡನ್ನಿನಲ್ಲಿ ಓದಬೇಕೆಂದಿದ್ದರು. ಕೇಂಬ್ರಿಡ್ಜ್ ನೋಡಿಬರೋಣ ಅಂತ ಹೋದಾಗ ವಾಪಸು ಬರುವ ಕೊನೆಯ ರೈಲು ತಪ್ಪಿಹೋಯಿತು. ರಾತ್ರಿ ಗೆಳೆಯನ ಹತ್ತಿರ ಉಳಿದರು. ಊರು ಇಷ್ಟವಾಗಿ ಅಲ್ಲಿನ ಕಿಂಗ್ಸ್ ಕಾಲೇಜಿಗೇ ಸೇರಿಬಿಟ್ಟರು! 1915ರಲ್ಲಿ ಹಿಂದಿರುಗುವಾಗ ಮಹಾಯುದ್ಧದಿಂದ ಹಡಗು ತಡವಾಯಿತು. ಆ ಬಿಡುವಿನಲ್ಲಿ ಬಯೋಮೆಟ್ರಿಕಾ ಎಂಬ ಸಂಖ್ಯಾಶಾಸ್ತ್ರದ ಪತ್ರಿಕೆ ಕಣ್ಣಿಗೆ ಬಿತ್ತು. ಅದರ ಸಂಪುಟಗಳನ್ನು ಕೊಂಡು ಹಡಗಿನಲ್ಲೇ ಓದತೊಡಗಿದರು.

ಕಲ್ಕತ್ತದಲ್ಲಿ ಭೌತಶಾಸ್ತ್ರದ ಮೇಷ್ಟ್ರಾದರು. 1920ರಲ್ಲಿ ನಾಗಪುರದ ವಿಜ್ಞಾನ ಸಮ್ಮೇಳನದಲ್ಲಿ ಪ್ರಾಣಿಶಾಸ್ತ್ರಜ್ಞ ಅನಂಡೇಲ್ ಅವರ ಭೇಟಿಯಾಯಿತು. ಅವರ ಬಳಿ ಕಲ್ಕತ್ತದ ಆಂಗ್ಲೋ ಇಂಡಿಯನ್ ಜನರ ಎತ್ತರ ಮುಂತಾದ ಅಳತೆಗಳಿದ್ದವು. ಅವನ್ನು ಲೆಕ್ಕ ಹಾಕುವ ಕೆಲಸ ಇವರಿಗೆ ಬಂತು. ಮುಂದೆ ಬೇರೆ ಬೇರೆ ಗುಂಪುಗಳನ್ನು ಹೋಲಿಸುವಾಗ ಒಂದು ಪ್ರಶ್ನೆ ಎದುರಾಯಿತು. ಎರಡು ಗುಂಪು ಎಷ್ಟು ಹತ್ತಿರ, ಎಷ್ಟು ದೂರ ಅಂತ ಹೇಳೋದು ಹೇಗೆ?

ನಾನೇ ಮಾಡಿದ ಒಂದು ಉದಾಹರಣೆ ನೋಡಿ. ಒಂದು ಗುಂಪಿನ ಐವರ ಎತ್ತರ 149, 149, 150, 151, 151 ಸೆಂ.ಮೀ. ಇನ್ನೊಂದರದು 154, 154, 155, 156, 156. ಸರಾಸರಿ 150 ಮತ್ತು 155. ಯಾರನ್ನೇ ಅಳೆದರೂ ಯಾವ ಗುಂಪು ಅಂತ ತಟ್ಟನೆ ಹೇಳಬಹುದು. ಈಗ ಮೊದಲ ಗುಂಪು 130, 140, 150, 160, 170 ಇರಲಿ. ಎರಡನೆಯದು 135, 145, 155, 165, 175. ಸರಾಸರಿ ಮತ್ತೆ 150 ಮತ್ತು 155! ಆದರೆ ಗುಂಪುಗಳು ಕಲಸಿಹೋಗಿವೆ. ಹೊಸದಾಗಿ ಬಂದ 158 ಸೆಂ.ಮೀ. ಹುಡುಗ ಯಾವ ಗುಂಪಿನವನು, ಹೇಳಿ ನೋಡೋಣ. ಅಂತರ ಅದೇ 5, ಆದರೆ ಅಲ್ಲಿ ದೊಡ್ಡದು, ಇಲ್ಲಿ ಚಿಕ್ಕದು. ಅಂದ್ರೆ ಸರಾಸರಿಗಳ ಅಂತರವನ್ನು ಅಂಕಿಗಳ ಹರಡಿಕೆಯ ಜೊತೆ ಇಟ್ಟು ಅಳೀಬೇಕು. ಎತ್ತರ, ತಲೆಯ ಅಗಲ, ಮೂಗಿನ ಉದ್ದ ಹೀಗೆ ಹಲವು ಅಳತೆ ಒಟ್ಟಿಗೆ ಇದ್ದರೂ ನಡೆಯುವ ಸೂತ್ರವನ್ನು 1936ರಲ್ಲಿ ಪ್ರಕಟಿಸಿದರು. ಅದಕ್ಕೆ ಮಹಲನೋಬಿಸ್ ದೂರ ಎಂದೇ ಹೆಸರು. (ಊರಿಂದ ಊರಿಗೆ ಇರೋ ದೂರ ಅಲ್ಲ!)

ಅವರ ಲೆಕ್ಕ ಬರೀ ಕಾಗದದಲ್ಲಿ ಉಳಿಯಲಿಲ್ಲ. 1926ರಲ್ಲಿ ಒಡಿಶಾದ ಬ್ರಾಹ್ಮಣಿ ನದಿಗೆ ದೊಡ್ಡ ಪ್ರವಾಹ ಬಂತು. ನದಿಯ ತಳ ಮೇಲೆದ್ದಿದೆ, ದಡದ ಏರಿಗಳನ್ನು ಎತ್ತರಿಸಬೇಕೆಂದು ಎಂಜಿನಿಯರುಗಳು ಹೇಳಿದರು. ಇವರು ಒಂದು ವರ್ಷ ನೋಡಿ ಒಪ್ಪಲಿಲ್ಲ, ಸುಮಾರು 60 ವರ್ಷಗಳ ಲೆಕ್ಕ ತೆಗೆದರು. ತಳ ಎದ್ದಿರಲೇ ಇಲ್ಲ! ನದಿಯ ಮೇಲ್ಭಾಗದಲ್ಲಿ ಮಳೆ ವಿಪರೀತ ಬಿದ್ದಿತ್ತು. ಅಲ್ಲಿ ಅಣೆಕಟ್ಟು ಕಟ್ಟಬೇಕೆಂದು ಸಲಹೆ ಕೊಟ್ಟರು. ಏರಿ ಎತ್ತರಿಸಿದ್ದರೆ ಎಷ್ಟು ದುಡ್ಡು ದಂಡವಾಗುತ್ತಿತ್ತೋ.

1931ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಸ್ಥಾಪಿಸಿದರು. ಎರಡನೇ ಪಂಚವಾರ್ಷಿಕ ಯೋಜನೆಗೂ ದುಡಿದರು. 1968ರಲ್ಲಿ ಪದ್ಮವಿಭೂಷಣ ಬಂತು. 1972ರ ಜೂನ್ 28ರಂದು ತೀರಿಕೊಂಡರು. ಮಾರನೇ ದಿನವೇ ಅವರಿಗೆ 79 ತುಂಬುತ್ತಿತ್ತು. 2007ರಿಂದ ಜೂನ್ 29ನ್ನು ನಮ್ಮ ದೇಶದಲ್ಲಿ ಸಂಖ್ಯಾಶಾಸ್ತ್ರ ದಿನ ಎಂದು ಆಚರಿಸುತ್ತಾರೆ. ಅವರ ಸಂಸ್ಥೆಯ ಒಂದು ಕೇಂದ್ರ ನಮ್ಮ ಬೆಂಗಳೂರಿನಲ್ಲೂ ಇದೆ, ಮೈಸೂರು ರಸ್ತೆಯಲ್ಲಿ.