ಕಡಲನ್ನು ಮನೆಗೆ ತಂದ ಫಿಲಿಪ್ ಹೆನ್ರಿ ಗಾಸ್

ಮನೆಯಲ್ಲಿ ಗಾಜಿನ ತೊಟ್ಟಿಯಿರಿಸಿ ಜಲಚರಗಳನ್ನು ಸಾಕುವುದು ಇಂದು ಸಾಮಾನ್ಯ ಹವ್ಯಾಸ. ಆದರೆ ಕಡಲ ಜೀವಿಗಳನ್ನು ದಡದಿಂದ ದೂರದಲ್ಲಿ ಬದುಕಿಸುವುದು ಒಂದು ಕಾಲದಲ್ಲಿ ಬಹು ಕಷ್ಟವಾಗಿತ್ತು. ಆ ವಿದ್ಯೆಯನ್ನು ಜನಸಾಮಾನ್ಯರಿಗೆ ಕಲಿಸಿಕೊಟ್ಟವರಲ್ಲಿ ಫಿಲಿಪ್ ಹೆನ್ರಿ ಗಾಸ್ ಅಗ್ರಗಣ್ಯನು.

ಗಾಸ್ 1810ರ ಏಪ್ರಿಲ್ 6ರಂದು ಇಂಗ್ಲೆಂಡಿನ ವೂಸ್ಟರಿನಲ್ಲಿ ಜನಿಸಿದನು. ತಂದೆ ಊರೂರು ಅಲೆದು ಕಿರುಚಿತ್ರಗಳನ್ನು ಬರೆಯುತ್ತಿದ್ದ ಬಡ ಕಲಾವಿದ. ಬಾಲ್ಯವು ಪೂಲ್ ಎಂಬ ಬಂದರಿನಲ್ಲಿ ಕಳೆಯಿತು. ವಿಶ್ವವಿದ್ಯಾನಿಲಯದ ಮೆಟ್ಟಿಲನ್ನು ಅವನು ಹತ್ತಲಿಲ್ಲ. 1827ರಲ್ಲಿ ಗುಮಾಸ್ತನಾಗಿ ನ್ಯೂಫೌಂಡ್‌ಲೆಂಡಿಗೆ ಹೋದನು. ಬಳಿಕ ಕೆನಡದಲ್ಲಿ ಬೇಸಾಯಗಾರನೂ, ಅಲಬಾಮಾದಲ್ಲಿ ಉಪಾಧ್ಯಾಯನೂ ಆದನು. ಹೋದಲ್ಲೆಲ್ಲ ಪ್ರಕೃತಿಯೇ ಅವನ ಗುರು.

1852ರಲ್ಲಿ ಆರೋಗ್ಯ ಕೆಟ್ಟು, ಮಡದಿ ಎಮಿಲಿ ಮತ್ತು ಮಗ ಎಡ್ಮಂಡನೊಡನೆ ಡೆವನ್ ಕರಾವಳಿಗೆ ಬಂದನು. ಅಲ್ಲಿ ಅವನ ಮನಸೆಳೆದುವು ಕಡಲ ಅನಿಮೋನಿಗಳು. ನೋಟಕ್ಕೆ ಅರಳಿದ ಹೂ. ಆದರೆ ಅದು ಪ್ರಾಣಿ. ಎಸಳಿನಂತಿರುವ ಅದರ ಕರಬಳ್ಳಿಗಳಲ್ಲಿ ಕುಟುಕುವ ಕಣಗಳಿದ್ದು, ತಾಕಿದ ಚಿಕ್ಕ ಜೀವಿಗಳನ್ನು ಅವು ಸೆರೆಹಿಡಿಯುತ್ತವೆ. ಇಳಿತದ ವೇಳೆ ಗಾಸ್ ಸುತ್ತಿಗೆ, ಉಳಿ ಹಿಡಿದು, ಅನಿಮೋನಿಯ ಬುಡಕ್ಕೆ ನೋವಾಗದಂತೆ ಬಂಡೆಯ ಚೂರನ್ನೇ ಕಡಿದು ತರುತ್ತಿದ್ದನು.

ತಂದುದನ್ನು ಬದುಕಿಸುವುದು ಹೇಗೆ? ಮುಚ್ಚಿದ ನೀರು ಬೇಗನೆ ಕೆಡುತ್ತದೆ. ಸಿಹಿನೀರಿನಲ್ಲಿ ಸಸ್ಯವೂ ಪ್ರಾಣಿಯೂ ಪರಸ್ಪರ ಪೋಷಕವೆಂಬುದನ್ನು ರಾಬರ್ಟ್ ವಾರಿಂಗ್ಟನ್ 1850ರಲ್ಲಿ ತೋರಿಸಿದ್ದನು. ಗಾಸ್ ಉಪ್ಪುನೀರಿನಲ್ಲಿ ಹಸಿರು ಪಾಚಿಯನ್ನು ಬೆಳೆಸಿದನು. ಬೆಳಕಿನಲ್ಲಿ ಅದು ಆಮ್ಲಜನಕವನ್ನು ಬಿಡುತ್ತದೆ. ಪ್ರಾಣಿಗಳು ಅದನ್ನು ಉಸಿರಾಡುತ್ತವೆ. ತಿನ್ನದೆ ಉಳಿದ ಆಹಾರವನ್ನು ಕೊಳೆಯುವ ಮೊದಲೇ ತೆಗೆಯಬೇಕು. ನೀರು ಆವಿಯಾದರೂ ಉಪ್ಪು ಉಳಿಯುವುದರಿಂದ, ಕೊರತೆಯನ್ನು ಸಿಹಿನೀರಿನಿಂದಲೇ ತುಂಬಬೇಕು. ಕಡಲಿಂದ ದೂರವಿದ್ದವರಿಗಾಗಿ ಅಡುಗೆಯುಪ್ಪು, ಎಪ್ಸಮ್ ಉಪ್ಪು ಮೊದಲಾದ ನಾಲ್ಕು ಲವಣಗಳಿಂದ ಕೃತಕ ಸಮುದ್ರಜಲ ಮಾಡುವ ಕ್ರಮವನ್ನೂ ಅವನು ಪ್ರಕಟಿಸಿದನು. 1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ತೆರೆದ ಜಲಚರಗೃಹಕ್ಕೆ ಜೀವಿಗಳನ್ನು ಒದಗಿಸಿದನು. 1854ರಲ್ಲಿ ಅವನ 'ದಿ ಅಕ್ವೇರಿಯಂ' ಗ್ರಂಥ ಹೊರಬಂದು, ಆ ಹೆಸರೂ ಹವ್ಯಾಸವೂ ಮನೆಮಾತಾದುವು.

1857 ಅವನ ಪಾಲಿಗೆ ದುಃಖದ ವರ್ಷ. ಎಮಿಲಿ ಕ್ಯಾನ್ಸರಿನಿಂದ ತೀರಿಕೊಂಡಳು. ಧರ್ಮಗ್ರಂಥವನ್ನೂ ಭೂವಿಜ್ಞಾನವನ್ನೂ ಹೊಂದಿಸಲೆಂದು ಬರೆದ ಪುಸ್ತಕವನ್ನು ವಿಜ್ಞಾನಿಗಳೂ ಒಪ್ಪಲಿಲ್ಲ, ಧಾರ್ಮಿಕರೂ ಒಪ್ಪಲಿಲ್ಲ. ಅವನು ಡೆವನ್ನಿಗೆ ಮರಳಿ, ಬ್ರಿಟಿಷ್ ಅನಿಮೋನಿಗಳ ಮೇಲೆ ಸ್ವತಃ ಬರೆದ ವರ್ಣಚಿತ್ರಗಳೊಡನೆ ಮಹಾಗ್ರಂಥವನ್ನು ರಚಿಸಿದನು. ಅದು 1860ರಲ್ಲಿ ಪೂರ್ಣವಾಯಿತು.

ಆದರೆ ಆ ಗ್ರಂಥಗಳನ್ನು ಓದಿದವರು ತಾವೂ ಸುತ್ತಿಗೆ ಹಿಡಿದು ಕಡಲತಡಿಗೆ ಧಾವಿಸಿದರು. ಬಂಡೆಗಳ ನಡುವಣ ಕೊಳಗಳು ಬರಿದಾದುವು. ಇದಕ್ಕೆ ತಾನೇ ಕಾರಣನಾದೆನೆಂದು ಗಾಸ್ ನೊಂದುದನ್ನು ಎಡ್ಮಂಡ್ 1907ರ ತನ್ನ ಆತ್ಮಕಥೆಯಲ್ಲಿ ದಾಖಲಿಸಿದ್ದಾನೆ. ಗಾಸ್ 1888ರ ಆಗಸ್ಟ್ 23ರಂದು ನಿಧನನಾದನು.

ಸ್ಕಾಟ್ಲೆಂಡಿನ ಸರ್ ಜಾನ್ ಡಾಲ್ಯಲ್ 1828ರಲ್ಲಿ ತಂದ ಒಂದು ಅನಿಮೋನಿ, ಯೋಗ್ಯ ಆರೈಕೆಯಲ್ಲಿ ಒಡೆಯನನ್ನೂ ಮೀರಿ 1887ರವರೆಗೆ ಬಾಳಿತು. ಅಷ್ಟು ದೀರ್ಘಾಯುವಾದ ಜೀವಿಗಳು ಅನನುಭವಿಗಳ ಕೈಯಲ್ಲಿ ವ್ಯರ್ಥವಾಗಿ ಅಳಿದುವು. ಪ್ರಕೃತಿಯನ್ನು ಪ್ರೀತಿಸಲು ಕಲಿಸಿದರೆ ಸಾಲದು, ಅದನ್ನು ಅದರ ನೆಲೆಯಲ್ಲೇ ಬಿಡುವ ಸಂಯಮವನ್ನೂ ಕಲಿಸಬೇಕು. ಗಾಸನ ಬಾಳು ವಿದ್ಯಾರ್ಥಿಗಳಾದ ನಮಗೆ ಹೇಳುವ ಪಾಠವಿದು.