ಫ್ಲಾರೆನ್ಸ್ ನೈಟಿಂಗೇಲ್

ಸಿರಿವಂತರ ಮನೆಯಲ್ಲಿ ಹುಟ್ಟಿದವರು ದುಡಿಮೆಯನ್ನು ಹುಡುಕಿಕೊಂಡು ಹೋಗುವುದು ಲೋಕದಲ್ಲಿ ವಿರಳ. ನಮ್ಮಂತಹ ವಿದ್ಯಾರ್ಥಿಗಳಿಗೆ ಉದ್ಯೋಗವೆಂಬುದು ಹೊಟ್ಟೆಯ ಪ್ರಶ್ನೆ. ಈ ಮಹಿಳೆಗಾದರೋ ಅದು ಬಾಳಿನ ಪ್ರಶ್ನೆಯಾಗಿದ್ದಿತು.

ಫ್ಲಾರೆನ್ಸ್ ನೈಟಿಂಗೇಲಳು 1820ನೆಯ ಇಸವಿ ಮೇ 12ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಇಂಗ್ಲಿಷ್ ದಂಪತಿಗಳ ಮಗಳಾಗಿ ಜನಿಸಿದಳು. ತಂದೆಯೇ ಗುರುವಾಗಿ ಅವಳಿಗೆ ಭಾಷೆಗಳನ್ನೂ ಇತಿಹಾಸವನ್ನೂ ಕಲಿಸಿದನು. 1845ರಲ್ಲಿ ಆಸ್ಪತ್ರೆಯೊಂದರಲ್ಲಿ ಶುಶ್ರೂಷೆಯನ್ನು ಕಲಿಯುವೆನೆಂದು ಅವಳು ಕೇಳಿದಾಗ ಮನೆಯವರು ಒಪ್ಪಲಿಲ್ಲ. ದಾದಿಯ ಕೆಲಸವು ಆಗ ಓದು ಬರಹವಿಲ್ಲದ ಬಡ ಹೆಂಗಸರ ಪಾಲಿನದಾಗಿದ್ದು, ಅದಕ್ಕೆ ಗೌರವವೂ ಇರಲಿಲ್ಲ, ತಕ್ಕ ಸಂಬಳವೂ ಇರಲಿಲ್ಲ.

ನನ್ನ ತಂಗಿಯು ಪಿ.ಯು.ಸಿ. ಮುಗಿಸಿ ನರ್ಸಿಂಗ್ ಓದುವೆನೆಂದಾಗ ನಮ್ಮ ಮನೆಯ ಹಿರಿಯರೂ ಇಂತಹ ಆಕ್ಷೇಪಣೆಗಳನ್ನೇ ತೆಗೆದರು. ರಾತ್ರಿಯ ಪಾಳಿ, ಪರರ ಮೈ ಮುಟ್ಟುವ ಕೆಲಸ, ನಾಳೆ ಮದುವೆಗೆ ತೊಡಕು ಎಂಬಿವೇ ಆ ಮಾತುಗಳು. ಈ ಚರಿತ್ರೆಯನ್ನು ಓದಬೇಕೆಂಬ ಆಸೆ ನನ್ನಲ್ಲಿ ಹುಟ್ಟಿದ್ದು ಆಗಲೇ.

ಆರು ವರ್ಷಗಳ ಕಾಲ ಕಾದು, 1851ರಲ್ಲಿ ಆಕೆಯು ಜರ್ಮನಿಯ ಕೈಸರ್ಸ್‌ವರ್ತ್‌ನಲ್ಲಿ ತರಬೇತಿ ಪಡೆದಳು. 1854ರಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳ ಸೇವೆಗೆಂದು 38 ಮಂದಿ ಶುಶ್ರೂಷಕಿಯರೊಡನೆ ತುರ್ಕಿಯ ಸ್ಕುಟಾರಿಯನ್ನು ಸೇರಿದಳು. ಅಲ್ಲಿ ಗುಂಡೇಟಿಗಿಂತಲೂ ಕಾಲರಾ, ಆಮಶಂಕೆ, ವಿಷಮಜ್ವರಗಳಿಂದಲೇ ಹೆಚ್ಚು ಸೈನಿಕರು ಸಾಯುತ್ತಿದ್ದರು. 1855ರ ಫೆಬ್ರವರಿಯಲ್ಲಿ ರೋಗಿಗಳಲ್ಲಿ ನೂರಕ್ಕೆ 42 ಮಂದಿ ಮಡಿದರು. ಸರ್ಕಾರದ ನೈರ್ಮಲ್ಯ ಆಯೋಗವು ಬಂದು ಚರಂಡಿಗಳನ್ನು ಶುದ್ಧಪಡಿಸಿದ ಮೇಲೆ, ಜೂನ್ ವೇಳೆಗೆ ಆ ಸಂಖ್ಯೆ ಎರಡಕ್ಕೆ ಇಳಿಯಿತು. ಕರುಣೆಯೊಂದೇ ಸಾಲದು, ಗಾಳಿ ನೀರುಗಳೂ ಶುದ್ಧವಾಗಿರಬೇಕೆಂಬ ಸತ್ಯವನ್ನು ಆಕೆಯು ಅಂಕಿಗಳಿಂದಲೇ ಅರಿತಳು.

ಜನರು ಕೃತಜ್ಞತೆಯಿಂದ ಕೂಡಿಸಿಕೊಟ್ಟ 40,000 ಪೌಂಡಿಗೂ ಮಿಕ್ಕ ನಿಧಿಯಿಂದ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಶುಶ್ರೂಷಾ ಶಾಲೆ ತೆರೆಯಿತು. ಅಲ್ಲಿ ಕಲಿಯುವವರಿಗೆ ಊಟ ವಸತಿಯೊಡನೆ ಅಲ್ಪ ವೇತನವೂ ಸಿಗುತ್ತಿದ್ದಿತು. ನಿರ್ಗತಿಕರ ಕೂಲಿಯಾಗಿದ್ದ ಕೆಲಸವು ಹೀಗೆ ಕಲಿತು ಮಾಡುವ ವೃತ್ತಿಯಾಯಿತು. ಅವಳ ಜೀವನದ ಬಹು ದೊಡ್ಡ ಸಾಧನೆ ಇದೇ ಎಂದು ನನ್ನ ಭಾವನೆ.

ಆಕೆಯು ಭಾರತಕ್ಕೆ ಎಂದೂ ಬರಲಿಲ್ಲ. ಆದರೂ ಇಲ್ಲಿಯ ಸೈನ್ಯದ ನೈರ್ಮಲ್ಯವನ್ನು ಕುರಿತ 1863ರ ವರದಿಗಾಗಿ ಬಹಳವಾಗಿ ಶ್ರಮಿಸಿದಳು. 1876-78ರ ಘೋರ ಕ್ಷಾಮದ ಕಾಲದಲ್ಲಿ ಭಾರತದ ರೈತನಿಗೆ ನೀರಾವರಿ ಬೇಕೆಂದು ವಾದಿಸಿದಳು. ನಮ್ಮ ಹಿರಿಯರು ಧಾತು-ಈಶ್ವರ ಸಂವತ್ಸರಗಳ ಬರವೆಂದು ಕರೆದದ್ದು ಇದನ್ನೇ. 1871ರಲ್ಲಿ 50 ಲಕ್ಷವಿದ್ದ ಮೈಸೂರು ಸೀಮೆಯ ಜನಸಂಖ್ಯೆಯು 1881ರ ಗಣತಿಯಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿದ್ದಿತು. ಕಾಲುವೆಯ ನೀರನ್ನು ಕಂಡ ಕೃಷ್ಣರಾಜಪೇಟೆಯವರಾದ ನಮಗೆ ಆ ವಾದದ ಬೆಲೆ ತಿಳಿಯದೆ ಇರದು.

ಯುದ್ಧದಿಂದ ಹಿಂದಿರುಗಿದ ಮೇಲೆ ಆಕೆಯು ಬಹುಕಾಲ ಹಾಸಿಗೆ ಹಿಡಿದಿದ್ದಳು. ಮಲಗಿದ್ದಲ್ಲಿಂದಲೇ ಲೆಕ್ಕಗಳನ್ನೂ ವರದಿಗಳನ್ನೂ ಬರೆದಳು. 1907ರಲ್ಲಿ ಆರ್ಡರ್ ಆಫ್ ಮೆರಿಟ್ ಪಡೆದ ಮೊದಲ ಮಹಿಳೆಯಾದಳು. 1910ರ ಆಗಸ್ಟ್ 13ರಂದು, ತನ್ನ 90ನೆಯ ವಯಸ್ಸಿನಲ್ಲಿ ತೀರಿಕೊಂಡಳು.

ಇಂದು ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ದಾದಿಯ ಹೆಸರು ಶುಶ್ರೂಷಾಧಿಕಾರಿ. ಮಂಡ್ಯದಲ್ಲಿಯೂ ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿಯೂ ವೈದ್ಯಕೀಯ ಕಾಲೇಜುಗಳಿವೆ. ದಾರಿ ಸುಗಮವೆಂದು ನಾನು ಹೇಳಲಾರೆ. ಶುಲ್ಕವು ಹೊರೆಯಾಗುವುದುಂಟು, ಸಣ್ಣ ಆಸ್ಪತ್ರೆಗಳಲ್ಲಿ ಸಂಬಳ ಕಡಿಮೆಯಿರುವುದೂ ಉಂಟು. ಮಾನ್ಯತೆಯನ್ನು ವಿಚಾರಿಸಿಯೇ ಸಂಸ್ಥೆಯನ್ನು ಸೇರುವುದು ಒಳಿತು.

ಇನ್ನು ಬಿ.ಎ. ಓದಿದ ನಾವು ಆಸ್ಪತ್ರೆಗೂ ನಮಗೂ ಸಂಬಂಧವಿಲ್ಲವೆಂದು ತಿಳಿಯಬೇಕಾಗಿಲ್ಲ. ದಾಖಲೆ, ಲೆಕ್ಕ, ಅಂಕಿ ಅಂಶಗಳ ಕೆಲಸವೂ ಆರೋಗ್ಯ ಸೇವೆಯೇ ಆಗಿದೆ. ನೈಟಿಂಗೇಲಳು ಬಾಳಿನ ಬಹುಭಾಗದಲ್ಲಿ ಮಾಡಿದ್ದು ಅದನ್ನೇ ಅಲ್ಲವೆ? ನನ್ನ ತಂಗಿಯು ಈಗ ಅರ್ಜಿ ಹಾಕಿದ್ದಾಳೆ. ಸಹಪಾಠಿಗಳೇ, ನಿಮ್ಮ ಮನೆಯಲ್ಲಿಯೂ ಅಂತಹ ಹೆಣ್ಣುಮಗಳಿದ್ದರೆ ಅವಳ ಪರವಾಗಿ ಒಂದು ಮಾತನ್ನಾಡಿರೆಂದು ನಿಮ್ಮಲ್ಲಿ ನನ್ನ ವಿನಂತಿ.